ಸ್ಲೀವ್ ಆದ್ಮೇಲೆ ತೂಕ ವಾಪಸ್ ಬಂದಿದೆ, ಇನ್ನೊಂದು ಸರ್ಜರಿ ಮಾಡಿಸ್ಬೇಕಾ?

ತೂಕ ಇಳಿಸೋ ಆಪರೇಷನ್ ಮಾಡಿಸ್ಕೊಂಡು ನಾಲ್ಕೈದು ವರ್ಷ ಆದೋರನ್ನ ಕೂರಿಸ್ಕೊಂಡು ಮಾತಾಡಿಸಿದ್ರೆ ತುಂಬಾ ಜನ ಹೇಳೋದು ಇದನ್ನೇ, ಮೊದಲ ವರ್ಷ ಸರಸರ ಇಳೀತು, ಎರಡನೇ ವರ್ಷ ಅಲ್ಲೇ ನಿಂತ್ಕೊಂಡ್ತು, ಆಮೇಲೆ ಅರ್ಧ ಕೆಜಿ ಒಂದು ಕೆಜಿ ಅಂತ ಏರೋಕೆ ಶುರುವಾಯ್ತು, ಈಗ ತೂಕದ ಮಷೀನ್ ಹತ್ತೋಕೇ ಭಯ. ಇದರ ಮೇಲೆ ನೆಂಟರ ಮಾತು ಬೇರೆ, ಅಷ್ಟು ದುಡ್ಡು ಸುರಿದು ಹೊಟ್ಟೆ ಕುಯ್ಯಿಸ್ಕೊಂಡು ಏನು ಬಂತು, ಊಟ ಬಲ್ಲವನಿಗೆ ರೋಗವಿಲ್ಲ ಅಂತ ಸುಮ್ನೆ ಹೇಳಿದಾರಾ ಅಂತ. ಈ ಮಾತು ಕೇಳಿ ಕೇಳಿ ಅವರು ಮಾಡೋ ಮೊದಲ ಕೆಲಸ ಏನು ಅಂದ್ರೆ ಡಾಕ್ಟರ್ ಹತ್ರ ಫಾಲೋಅಪ್‌ಗೆ ಹೋಗೋದನ್ನ ನಿಲ್ಲಿಸಿಬಿಡೋದು, ಬೈತಾರೆ ಅನ್ನೋ ನಾಚಿಕೆಗೆ. ತೂಕ ಬಂದಿದ್ದಕ್ಕಿಂತ ಹೆಚ್ಚು ನಷ್ಟ ಆಗೋದು ಇಲ್ಲಿ ಅಂತ ನನಗನ್ಸತ್ತೆ, ಯಾಕಂದ್ರೆ ಐದು ಕೆಜಿ ಬಂದಾಗ ಹೋಗಿದ್ರೆ ಮಾತ್ರೆಲೋ ಊಟದಲ್ಲೋ ಸರಿ ಹೋಗ್ಬೋದಿದ್ದನ್ನ ಇಪ್ಪತ್ತು ಕೆಜಿ ಬಂದ್ಮೇಲೆ ಹೋಗಿ ನೇರವಾಗಿ ಇನ್ನೊಂದು ಆಪರೇಷನ್ ಮಾಡಿ ಅಂತ ಕೇಳ್ತಾರೆ.

ನಮ್ಮಕ್ಕಂಗೆ ಸ್ಲೀವ್, ಅಂದ್ರೆ ಜಠರದ ಬಹುಪಾಲು ಕತ್ತರಿಸಿ ತೆಗೆಯೋ ಆಪರೇಷನ್, ಆಗಿದೆ, ತೂಕ ವಾಪಸ್ ಬಂದಾಗ ಅವಳ ಜೊತೆ ಓಡಾಡಿದ್ದು ನಾನೇ, ಆಗಿಂದ ಇದನ್ನ ಓದ್ತಾ, ಡಾಕ್ಟರ್‌ಗಳನ್ನ ಕೇಳ್ತಾ ಬಂದಿದೀನಿ. ಎಲ್ಲಕ್ಕಿಂತ ಮೊದಲು ತಿಳ್ಕೋಬೇಕಾಗಿರೋದು ಇಷ್ಟು, ಯಾವ ಸರ್ಜರಿ ಮಾಡಿಸ್ಲಿ ಅನ್ನೋ ಪ್ರಶ್ನೆಗೆ ಮುಂಚೆ ತೂಕ ಯಾಕೆ ಬಂತು ಅನ್ನೋದು ಗೊತ್ತಾಗ್ಲೇಬೇಕು. ಕಾರಣ ಹುಡುಕದೇ ಮಾಡಿಸೋ ರಿವಿಷನ್ ಸರ್ಜರಿ, ಅಂದ್ರೆ ಮೊದಲ ಆಪರೇಷನ್ನನ್ನೇ ಬದಲಾಯಿಸೋದು ಇಲ್ಲಾ ತಿದ್ದೋದು, ರಿಸ್ಕ್ ಪೂರ್ತಿ ಕೊಟ್ಟು ಫಲ ಅರ್ಧ ಕೊಡೋ ಸಾಧ್ಯತೆ ಜಾಸ್ತಿ.

ಸ್ವಲ್ಪ ತೂಕ ವಾಪಸ್ ಬರೋದು ಮಾಮೂಲಿ ಅನ್ನೋದು ಮೊದಲು ತಲೇಲಿ ಇರ್ಲಿ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ಸ್ವೀಡಿಷ್ ಒಬೀಸ್ ಸಬ್ಜೆಕ್ಟ್ಸ್ ಅನ್ನೋ ದೊಡ್ಡ ಅಧ್ಯಯನ ಇದೆ, ಸಾವಿರಾರು ಜನರನ್ನ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದು. ಅದರಲ್ಲಿ ಬೈಪಾಸ್, ಅಂದ್ರೆ ಊಟ ಜಠರದ ಬಹುಭಾಗ ಬಿಟ್ಟು ಕರುಳಿಗೆ ಹೋಗೋ ಹಾಗೆ ಮಾಡೋ ಆಪರೇಷನ್, ಆದೋರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ 32% ತೂಕ ಇಳಿಸ್ಕೊಂಡಿದ್ರು, 10 ವರ್ಷಕ್ಕೆ ಬಂದಾಗ ಅದು 25% ಆಗಿತ್ತು. ಜಠರದ ಮೇಲ್ಭಾಗಕ್ಕೆ ಬಿಗಿಯೋ ಪಟ್ಟಿ, ಅಂದ್ರೆ ಬ್ಯಾಂಡ್, ಹಾಕಿಸ್ಕೊಂಡೋರಲ್ಲಿ 20% ಇದ್ದದ್ದು 14%ಗೆ ಬಂತು. ಅಷ್ಟು ವಾಪಸ್ ಬಂದ್ಮೇಲೂ ಆಪರೇಷನ್ ಆದ ಗುಂಪಲ್ಲಿ ಸಾವು ಕಮ್ಮಿ ಇತ್ತು, ಆಪರೇಷನ್ ಆಗದ ಗುಂಪಿಗೆ ಹೋಲಿಸಿದ್ರೆ. ಹಾಗಾಗಿ ಐದಾರು ಕೆಜಿ ಏರಿದ ತಕ್ಷಣ ಸರ್ಜರಿ ಫೇಲ್ ಆಯ್ತು ಅಂತ ಹಣೆಪಟ್ಟಿ ಹಚ್ಕೊಳ್ಳೋದು ಬೇಡ, ಶುಗರ್ ಮಾತ್ರೆ ನಿಂತಿದ್ದು, ಬಿಪಿ ಇಳಿದಿದ್ದು, ಮೆಟ್ಲು ಹತ್ತೋಕಾಗ್ತಿರೋದು ಎಲ್ಲ ಲೆಕ್ಕಕ್ಕೆ ಬರತ್ತೆ.

ಹಾಗಾದ್ರೆ ಎಷ್ಟು ಬಂದ್ರೆ ಯೋಚನೆ ಮಾಡ್ಬೇಕು? ಲೆಕ್ಕ ಹಾಕೋಕೆ ಒಂದು ಉದಾಹರಣೆ ತಗೊಳ್ಳಿ. 160 ಸೆಂಟಿಮೀಟರ್ ಎತ್ತರದ ಹೆಂಗಸು, ಆಪರೇಷನ್ ದಿನ 118 ಕೆಜಿ, ಅತಿ ಕಮ್ಮಿ ಇಳಿದಾಗ 78, ಈಗ 94. ಕಳ್ಕೊಂಡಿದ್ದು 40 ಕೆಜಿ, ವಾಪಸ್ ಬಂದಿದ್ದು 16, ಅಂದ್ರೆ ಇಳಿದಿದ್ದರಲ್ಲಿ 40% ಬಂತು. ಇಳಿದ ತೂಕದಲ್ಲಿ 30%ಗಿಂತ ಹೆಚ್ಚು ವಾಪಸ್ ಬಂದ್ರೆ ಅದನ್ನ ಗಂಭೀರವಾಗಿ ತಗೋಬೇಕು ಅನ್ನೋದು ಈಗ ಸರ್ಜನ್‌ಗಳ ಅಂತಾರಾಷ್ಟ್ರೀಯ ಒಕ್ಕೂಟ ಇಟ್ಕೊಂಡಿರೋ ಗಡಿ, ಇಳಿದು ಹೋಗಿದ್ದ ಶುಗರ್ ಬಿಪಿ ಇಂಥವು ಮತ್ತೆ ತಲೆ ಎತ್ತಿದ್ರೂ ಹಾಗೇ. ಆಸ್ಪತ್ರೆಯಿಂದ ಆಸ್ಪತ್ರೆಗೆ ಲೆಕ್ಕದ ರೀತಿ ಬದಲಾಗತ್ತೆ, ಅದಕ್ಕೆ ನಿಮ್ಮ ಮೂರು ನಂಬರ್ ಬರೆದಿಟ್ಕೊಳ್ಳಿ, ಆಪರೇಷನ್ ದಿನದ ತೂಕ, ಅತಿ ಕಮ್ಮಿ ಮುಟ್ಟಿದ ತೂಕ, ಇವತ್ತಿನ ತೂಕ. ಇನ್ನೊಂದು ಬೇರೆ ಗುಂಪಿದೆ, ಅವರಿಗೆ ಮೊದಲಿಂದಲೇ ಸರಿಯಾಗಿ ಇಳಿದೇ ಇರಲ್ಲ, ಅದು ತೂಕ ವಾಪಸ್ ಬಂದ ಕೇಸ್ ಅಲ್ಲ, ಅದರ ಕಾರಣಗಳೂ ಬೇರೆ ಇರಬಹುದು.

ಈಗ ಹೊಟ್ಟೆ ಒಳಗೆ ಏನಾಗಿರತ್ತೆ ನೋಡೋಣ. ನಮ್ಮಲ್ಲಿ ಹೆಚ್ಚು ಆಗೋದು ಸ್ಲೀವ್, ಜಠರದ ಹೊರಬದಿಯ ಸುಮಾರು ಮುಕ್ಕಾಲು ಭಾಗ, ಕೆಲವರಲ್ಲಿ ಇನ್ನೂ ಸ್ವಲ್ಪ ಹೆಚ್ಚು, ಸ್ಟೇಪ್ಲರ್ ಹಾಕಿ ಕತ್ತರಿಸಿ ತೆಗೆದುಬಿಡ್ತಾರೆ, ಉಳಿಯೋದು ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆ. ಕರುಳಿಗೆ ಕೈ ಹಚ್ಚಲ್ಲ. ತೆಗೆದ ಭಾಗದ ಮೇಲ್ತುದಿಗೆ ಫಂಡಸ್ ಅಂತಾರೆ, ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನ್ ಹೆಚ್ಚಾಗಿ ತಯಾರಾಗೋದು ಅಲ್ಲೇ, ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಸಿವೇ ಆಗ್ತಿಲ್ಲ ಅಂತ ಎಲ್ರೂ ಹೇಳೋದು. ಬೈಪಾಸ್‌ನಲ್ಲಿ ಜಠರದ ಮೇಲ್ತುದೀಲಿ ಸುಮಾರು 30 ಎಂಎಲ್ ಹಿಡಿಯೋ ಪೌಚ್ ಮಾಡಿ ಅದಕ್ಕೆ ಸಣ್ಣ ಕರುಳನ್ನ ಜೋಡಿಸ್ತಾರೆ, ಊಟ ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಬಿಟ್ಟು ಮುಂದಕ್ಕೆ ಹೋಗತ್ತೆ. ಹೊಟ್ಟೆ ಚಿಕ್ಕದಾಯ್ತು ಅಷ್ಟೇ ಅಂತ ಜನ ಅಂದ್ಕೊಳ್ತಾರೆ, ಆದ್ರೆ ಎರಡರಲ್ಲೂ ಅರ್ಧ ಕೆಲಸ ಮಾಡೋದು ಹಾರ್ಮೋನ್‌ಗಳು, ಊಟ ಬೇಗ ಕೆಳಗಿನ ಕರುಳಿಗೆ ತಲುಪಿದಾಗ ಜಿಎಲ್‌ಪಿ-1 ಥರದ್ದು ಜಾಸ್ತಿ ಬಂದು ಮೆದುಳಿಗೆ ಸಾಕು ಅಂತ ಹೇಳತ್ತೆ.

ದೇಹ ಇದನ್ನ ಸುಮ್ನೆ ಒಪ್ಪಿಕೊಳ್ಳಲ್ಲ. ನಲವತ್ತು ಕೆಜಿ ಇಳಿದ ದೇಹ ಅದನ್ನ ಬರಗಾಲ ಅಂತಲೇ ತಿಳ್ಕೊಳ್ಳತ್ತೆ, ಸುಮ್ನೆ ಕೂತಾಗ ಖರ್ಚಾಗೋ ಕ್ಯಾಲೊರಿ ಕಮ್ಮಿ ಮಾಡತ್ತೆ, ಹಸಿವನ್ನ ನಿಧಾನವಾಗಿ ಏರಿಸತ್ತೆ. ಪ್ರೋಟೀನ್ ಕಮ್ಮಿ ತಿಂದು ಸ್ನಾಯು ಕರಗಿಸ್ಕೊಂಡೋರಿಗಂತೂ ಇದು ಇನ್ನೂ ಜಾಸ್ತಿ. ಇಲ್ಲಿ ಶಿಸ್ತಿಲ್ಲ ಅಂತ ಬೈಯೋದರಿಂದ ಯಾವ ಪ್ರಯೋಜನಾನೂ ಇಲ್ಲ.

ಅಂಗರಚನೆಯ ಕಾರಣಗಳೂ ಇವೆ, ರಿವಿಷನ್‌ಗೆ ಮುಖ್ಯವಾಗಿ ಬೇಕಾಗೋದು ಇವೇ. ಮೊದಲ ಆಪರೇಷನ್ನಲ್ಲಿ ಫಂಡಸ್ ಪೂರ್ತಿ ತೆಗೆಯದೇ ಒಂದಿಷ್ಟು ಉಳಿದಿರಬಹುದು, ಅದು ವರ್ಷ ಕಳೆದ ಹಾಗೆ ಹಿಗ್ಗಿ ಚೀಲದ ಹಾಗಾಗತ್ತೆ. ಸ್ಲೀವ್ ಪೂರ್ತಿ ಉದ್ದಕ್ಕೂ ಅಗಲ ಆಗಿರಬಹುದು. ಬೈಪಾಸ್ ಆದೋರಲ್ಲಿ ಪೌಚ್‌ಗೂ ಕರುಳಿಗೂ ಇರೋ ಜೋಡಣೆಯ ಬಾಯಿ ದೊಡ್ಡದಾಗಿ ಊಟ ನಿಲ್ಲದೇ ಜಾರಿ ಹೋಗ್ತಿರಬಹುದು, ಹಸಿವು ಬೇಗ ವಾಪಸ್ ಬರತ್ತೆ. ಅಪರೂಪಕ್ಕೆ ಪೌಚ್‌ಗೂ ಬಿಟ್ಟಿದ್ದ ಹಳೇ ಜಠರಕ್ಕೂ ನಡುವೆ ಒಂದು ದಾರಿ ತೆರ್ಕೊಂಡುಬಿಡತ್ತೆ, ಫಿಸ್ಟುಲಾ ಅಂತಾರೆ, ಆಗ ಬೈಪಾಸ್ ಆಗಿದ್ದೇ ವ್ಯರ್ಥ ಆದ ಹಾಗೆ. ಒಂದು ಮಾತು ಮಾತ್ರ ಇಲ್ಲಿ ಹೇಳ್ಬೇಕು, ಸ್ಲೀವ್ ಎಲ್ಲರದ್ದೂ ಸ್ವಲ್ಪ ಹಿಗ್ಗೇ ಹಿಗ್ಗತ್ತೆ, ತೂಕ ಬರದೇ ಇರೋರದ್ದೂ ಹಿಗ್ಗಿರತ್ತೆ, ಹಾಗಾಗಿ ಸ್ಕ್ಯಾನಲ್ಲಿ ಅಗಲ ಕಾಣ್ಸಿದ ತಕ್ಷಣ ಇದೇ ಕಾರಣ ಅಂತ ಬೊಟ್ಟು ಮಾಡೋಕಾಗಲ್ಲ.

ಊಟದ ವಿಷಯಕ್ಕೆ ಬರ್ತೀನಿ, ನಮ್ಮ ಕಡೆ ಅಡುಗೆ ಮನೇಲಿ ಇದು ಹೇಗೆ ನಡೆಯತ್ತೆ ಅನ್ನೋದನ್ನ ಹತ್ತಿರದಿಂದ ನೋಡಿದ್ರೆ ಎಷ್ಟೋ ಅರ್ಥ ಆಗತ್ತೆ. ಬೆಳಿಗ್ಗೆ ಎರಡು ಇಡ್ಲಿ, ಅದರಲ್ಲಿ ಒಂದೂವರೆ ಮಾತ್ರ ಹೋಗತ್ತೆ. ಹನ್ನೊಂದಕ್ಕೆ ಸಕ್ಕರೆ ಹಾಕಿದ ಕಾಫಿ, ಜೊತೆಗೆ ಎರಡು ಬಿಸ್ಕತ್ತು. ಮಧ್ಯಾಹ್ನ ಒಂದು ಸೌಟು ಅನ್ನ ಸಾರು, ಪಲ್ಯ ಎರಡು ತುತ್ತು. ನಾಲ್ಕು ಗಂಟೆಗೆ ಮತ್ತೆ ಕಾಫಿ, ಅದರಲ್ಲಿ ಅದ್ದಿದ ರಸ್ಕ್, ಮನೇಲಿ ಇದ್ದ ನಿಪ್ಪಟ್ಟು ಇಲ್ಲಾ ಖಾರಾಬೂಂದಿ. ರಾತ್ರಿ ಅರ್ಧ ಚಪಾತಿ. ಅವರನ್ನ ಕೇಳಿದ್ರೆ ನಾನೇನೂ ತಿಂತಾನೇ ಇಲ್ಲ ಅಂತಾರೆ, ಅವರು ಸುಳ್ಳು ಹೇಳ್ತಿಲ್ಲ, ತಟ್ಟೆ ನೋಡಿದ್ರೆ ಮಗು ತಿನ್ನೋವಷ್ಟೇ. ಆದ್ರೆ ಸ್ಲೀವ್ ಆದ ಹೊಟ್ಟೆಗೆ ಎರಡು ತುಂಡು ಪನೀರ್ ಇಲ್ಲಾ ಒಂದು ತುಂಡು ಚಿಕನ್ ಹೋದ್ರೆ ಗಟ್ಟಿಯಾಗಿ ಕೂತು ಗಂಟೆಗಟ್ಟಲೆ ತುಂಬಿದ ಹಾಗಿರತ್ತೆ, ನಿಪ್ಪಟ್ಟು ಬಿಸ್ಕತ್ತು ಚಿಪ್ಸ್ ಎಲ್ಲ ಬಾಯಲ್ಲೇ ಪುಡಿಯಾಗಿ ಕಾಫಿ ಜೊತೆ ಜಾರಿ ಹೋಗತ್ತೆ, ಅರ್ಧ ಗಂಟೆಗೆ ಮತ್ತೆ ಜಾಗ ಖಾಲಿ. ಐಸ್‌ಕ್ರೀಮ್, ಜ್ಯೂಸ್, ಪಾಯಸ ಇವಂತೂ ನಿಲ್ಲೋದೇ ಇಲ್ಲ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು ಅಂತ ಡಯಟಿಷಿಯನ್ ಹೇಳಿರ್ತಾರೆ, ಮೇಲಿನ ದಿನದಲ್ಲಿ ಅದರ ಅರ್ಧಾನೂ ಆಗಲ್ಲ. ಒಂದು ಮೊಟ್ಟೇಲಿ ಸುಮಾರು 6 ಗ್ರಾಂ, ನೂರು ಗ್ರಾಂ ಪನೀರಲ್ಲಿ ಹೆಚ್ಚುಕಮ್ಮಿ 18 ಗ್ರಾಂ, ಒಂದು ಇಡ್ಲೀಲಿ ಎರಡರ ಆಸುಪಾಸು, ನೀವೇ ಕೂಡಿ ನೋಡಿ. ಸಸ್ಯಾಹಾರಿಗಳಿಗೆ ಇದು ನಿಜವಾಗ್ಲೂ ಕಷ್ಟದ ಲೆಕ್ಕ, ಅನ್ನ ಸಾರಿಂದ ಮುಟ್ಟೋಕಾಗಲ್ಲ, ಮೊಸರು ಪನೀರ್ ಸೋಯಾ ಕಾಳು ಜೊತೆಗೆ ವೇ ಪೌಡರ್ ಅಂತ ಬೇಕೇ ಬೇಕಾಗತ್ತೆ.

ಈ ಥರ ಜಾರೋ ತಿಂಡಿಯಿಂದ ಬಂದ ತೂಕಕ್ಕೆ ಹೊಟ್ಟೆಯನ್ನ ಇನ್ನೂ ಚಿಕ್ಕದು ಮಾಡಿದ್ರೆ ಏನೂ ಪ್ರಯೋಜನ ಆಗಲ್ಲ, ಗಟ್ಟಿ ಊಟ ಇನ್ನೂ ಕಷ್ಟ ಆಗಿ ಜಾರೋದರ ಕಡೆಗೇ ಕೈ ಹೋಗತ್ತೆ. ಎಷ್ಟೋ ಜನ ಮತ್ತೆ ಸ್ಲೀವನ್ನೇ ಸಣ್ಣ ಮಾಡಿಸ್ತೀನಿ ಅಂತ ಬರ್ತಾರೆ, ನನಗೆ ಅದೇ ಆತಂಕ.

ಆಮೇಲೆ ಔಷಧಿಗಳು. ಮಂಡಿಗೋ ಉಬ್ಬಸಕ್ಕೋ ತಗೊಳ್ಳೋ ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಹಳೇ ಶುಗರ್ ಮಾತ್ರೆಗಳು, ಓಲಾಂಜಪಿನ್ ಮಿರ್ಟಾಜಪಿನ್ ವಾಲ್ಪ್ರೋಯೇಟ್ ಥರದ ಮನೋರೋಗದ ಮತ್ತೆ ಮೂರ್ಛೆರೋಗದ ಔಷಧಿಗಳು ತೂಕ ಏರಿಸ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರ್‌ನೇ ಕೇಳಿ, ಬದಲಿ ಇರೋ ಕಡೆ ಬದಲಾಯಿಸಿದ್ರೆ ಅಷ್ಟರಲ್ಲೇ ಕೆಲವು ಕೆಜಿ ಇಳಿದಿರೋದುಂಟು. ಥೈರಾಯ್ಡ್, ಪಿಸಿಓಡಿ, ಮುಟ್ಟು ನಿಲ್ಲೋ ವಯಸ್ಸು, ನಿದ್ದೆಗೆಡೋ ನೈಟ್ ಶಿಫ್ಟ್, ಮನೇಲಿ ಒಂದು ಸಾವು, ಖಿನ್ನತೆ, ಎಲ್ಲ ಸೇರ್ಕೊಳ್ಳತ್ತೆ. ಬೈಪಾಸ್ ಆದೋರಲ್ಲಿ ಮದ್ಯ ಬೇಗ ತಲೆಗೇರತ್ತೆ, ಚಟ ಆಗೋ ಸಾಧ್ಯತೆ ಹೆಚ್ಚು, ಇದನ್ನ ಮನೆಯೋರು ಮುಚ್ಚಿಡದೇ ಹೇಳ್ಬೇಕು. ಇನ್ನೊಂದು ಗಮನಕ್ಕೆ ಬಾರದ ಕಾರಣ, ಬೈಪಾಸ್ ಆದ ಕೆಲವರಿಗೆ ಊಟವಾಗಿ ಒಂದರಿಂದ ಮೂರು ಗಂಟೆ ಒಳಗೆ ಶುಗರ್ ಸಡನ್ನಾಗಿ ಇಳಿದು ಕೈ ನಡುಗಿ ಬೆವರು ಕಿತ್ಕೊಂಡು ಬರತ್ತೆ, ತಡ್ಕೊಳ್ಳೋಕಾಗದೇ ಬೆಲ್ಲಾನೋ ಚಾಕ್ಲೇಟೋ ತಿಂತಾರೆ, ಸರಿ ಹೋಗತ್ತೆ, ಮತ್ತೆ ಇಳಿಯತ್ತೆ, ಹೀಗೇ ದಿನವಿಡೀ ತಿಂದು ತೂಕ ಏರತ್ತೆ.

ಪರೀಕ್ಷೆಗೆ ಹೋಗೋ ಮುಂಚೆ ಒಂದು ಕಾಗದ ಸಿಕ್ಕಿದ್ರೆ ಅರ್ಧ ಕೆಲಸ ಆದ ಹಾಗೆ, ಮೊದಲ ಸರ್ಜರಿಯ ಓಟಿ ನೋಟ್ಸ್, ಅಂದ್ರೆ ಆಪರೇಷನ್ನಲ್ಲಿ ಏನೇನು ಮಾಡಿದ್ರು ಅಂತ ಸರ್ಜನ್ ಬರೆದಿಟ್ಟಿದ್ದು. ನಮ್ಮಕ್ಕನ ಹತ್ರ ಇದ್ದಿದ್ದು ಡಿಸ್ಚಾರ್ಜ್ ಸಮ್ಮರಿ ಮಾತ್ರ, ಅದರಲ್ಲಿ ಲ್ಯಾಪ್ರೋಸ್ಕೋಪಿಕ್ ಸ್ಲೀವ್ ಮಾಡಲಾಗಿದೆ ಅಂತ ಒಂದೇ ಸಾಲು, ಮಿಕ್ಕಿದ್ದೆಲ್ಲ ಮನೆಗೆ ಹೋದ್ಮೇಲೆ ತಗೋಬೇಕಾದ ಮಾತ್ರೆ ಪಟ್ಟಿ. ಹೊಸ ಸರ್ಜನ್‌ಗೆ ಬೇಕಾಗಿದ್ದು ಬೇರೇನೇ, ಸ್ಲೀವ್ ಎಷ್ಟು ಅಗಲ ಇರ್ಬೇಕು ಅನ್ನೋದಕ್ಕೆ ಜಠರದೊಳಗೆ ಇಡೋ ಬೂಜಿ ಕೊಳವೆ ಯಾವ ಅಳತೆಯದ್ದು ಇಟ್ಟು ಕತ್ತರಿಸಿದ್ರು, ಹಯಾಟಸ್ ಹರ್ನಿಯಾ, ಅಂದ್ರೆ ಜಠರದ ಮೇಲ್ತುದಿ ಎದೆಗೂಡಿಗೆ ನುಗ್ಗಿರೋದು, ಇತ್ತಾ, ಇದ್ರೆ ಹೊಲಿದ್ರಾ, ರಕ್ತಸ್ರಾವ, ಸ್ಟೇಪ್ಲರ್ ಹಾಕಿದ ಜಾಗದಲ್ಲಿ ಲೀಕ್ ಏನಾದ್ರೂ ಆಗಿತ್ತಾ. ಬೈಪಾಸ್ ಆಗಿದ್ರೆ ಕರುಳಿನ ಯಾವ ಭಾಗ ಎಷ್ಟು ಸೆಂಟಿಮೀಟರ್ ಬಿಟ್ಟಿದಾರೆ ಅನ್ನೋದು ಗೊತ್ತಿಲ್ಲದೇ ಮುಂದಿನ ಲೆಕ್ಕಾನೇ ಕಷ್ಟ. ಹಳೇ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಅರ್ಜಿ ಬರೆದು ಕೊಟ್ರೆ ಕೇಸ್ ಶೀಟ್ ನಕಲು ಕೊಡ್ಬೇಕು, ಕೇಳೋ ಹಕ್ಕು ನಿಮ್ಮದು, ವರ್ಷಗಳಾದಷ್ಟೂ ಸಿಗೋದು ಕಷ್ಟ, ಹಾಗಾಗಿ ಇವತ್ತು ತೂಕ ಸರಿಯಾಗಿ ಇರೋರೂ ಈಗಲೇ ತೆಗೆದಿಟ್ಕೊಳ್ಳಿ.

ಆಮೇಲೆ ಎಂಡೋಸ್ಕೋಪಿ, ಬೇರಿಯಂ ಕುಡಿಸಿ ತೆಗೆಯೋ ಎಕ್ಸ್‌ರೇ, ಬೇಕಾದ್ರೆ ಸಿಟಿ ಸ್ಕ್ಯಾನ್. ರಕ್ತದಲ್ಲಿ ಶುಗರ್ ಥೈರಾಯ್ಡ್ ಮಾತ್ರ ಅಲ್ದೇ ಬಿ12, ಕಬ್ಬಿಣ, ವಿಟಮಿನ್ ಡಿ, ಕ್ಯಾಲ್ಸಿಯಂ, ಅದನ್ನ ಹತೋಟಿಲಿಡೋ ಪಿಟಿಎಚ್ ಹಾರ್ಮೋನ್, ರಕ್ತದ ಪ್ರೋಟೀನ್ ಆದ ಆಲ್ಬುಮಿನ್. ತೂಕ ಜಾಸ್ತಿ ಇದ್ದೋರಿಗೆ ಪೋಷಕಾಂಶ ಕಮ್ಮಿ ಹೇಗಿರತ್ತೆ ಅಂತ ಮನೆಯೋರು ಆಶ್ಚರ್ಯ ಪಡ್ತಾರೆ, ಇದ್ದೇ ಇರತ್ತೆ, ಅದನ್ನ ಸರಿ ಮಾಡದೇ ಕರುಳು ಬೈಪಾಸ್ ಮಾಡಿದ್ರೆ ಆಮೇಲೆ ಹಳ್ಳಕ್ಕೆ ಬೀಳೋದು ಗ್ಯಾರಂಟಿ. ಎಂಡೋಸ್ಕೋಪಿಲಿ ಎಚ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾನೂ ನೋಡಿಸಿ, ನಮ್ಮ ದೇಶದಲ್ಲಿ ಅದು ಸಾಮಾನ್ಯ. ರಿಪೋರ್ಟಲ್ಲಿ ಈಸೋಫೆಜೈಟಿಸ್ ಎಲ್‌ಎ ಗ್ರೇಡ್ ಎ, ಬಿ, ಸಿ, ಡಿ ಅಂತ ಬರೆದಿರ್ತಾರೆ, ಅದು ಅನ್ನನಾಳ ಆಸಿಡ್‌ನಿಂದ ಎಷ್ಟು ಸವೆದಿದೆ ಅನ್ನೋ ಅಳತೆ, ಎ ಅಂದ್ರೆ 5 ಮಿಲಿಮೀಟರ್ ಮೀರದ ಸಣ್ಣ ಗಾಯ, ಡಿ ಅಂದ್ರೆ ಅನ್ನನಾಳದ ಸುತ್ತಳತೆಯ ಮುಕ್ಕಾಲು ಭಾಗ ಇಲ್ಲಾ ಅದಕ್ಕಿಂತ ಹೆಚ್ಚು ಆವರಿಸಿರೋದು.

ಈ ಆಸಿಡ್ ವಿಷಯ ಸ್ಲೀವ್ ಆದೋರಿಗೆ ಬಹಳ ಮುಖ್ಯ, ತೂಕದ ಮಾತಲ್ಲಿ ಇದು ಮುಚ್ಚಿ ಹೋಗಬಾರದು. ಸ್ಲೀವ್ ಒಂದು ಬಿಗಿಯಾದ ಕೊಳವೆ, ಒಳಗಿನ ಒತ್ತಡ ಜಾಸ್ತಿ, ಆಸಿಡ್ ಮೇಲಕ್ಕೆ ನುಗ್ಗತ್ತೆ. ಫಿನ್ಲೆಂಡ್‌ನಲ್ಲಿ 2008ರಿಂದ 2010ರ ನಡುವೆ 240 ಜನರನ್ನ ಸ್ಲೀವ್ ಮತ್ತೆ ಬೈಪಾಸ್ ಅಂತ ಚೀಟಿ ಎತ್ತಿದ ಹಾಗೆ ಹಂಚಿ ಮಾಡಿದ ಸ್ಲೀವ್‌ಪಾಸ್ ಅನ್ನೋ ಟ್ರಯಲ್‌ನಲ್ಲಿ 10 ವರ್ಷ ಆದ್ಮೇಲೆ ಎಂಡೋಸ್ಕೋಪಿ ಮಾಡಿ ನೋಡಿದಾಗ ಸ್ಲೀವ್ ಗುಂಪಲ್ಲಿ 31% ಜನಕ್ಕೆ ಅನ್ನನಾಳದ ಉರಿಯೂತ ಇತ್ತು, ಬೈಪಾಸ್ ಗುಂಪಲ್ಲಿ 7% ಮಾತ್ರ. ರಾತ್ರಿ ಮಲಗಿದಾಗ ಹುಳಿ ನೀರು ಬಾಯಿಗೆ ಬರೋದು, ಕೆಮ್ಮು ಬಿಡದೇ ಇರೋದು, ಆಸಿಡ್ ಕಮ್ಮಿ ಮಾಡೋ ಪ್ಯಾಂಟೊಪ್ರಜೋಲ್ ಮಾತ್ರೆ ದಿನಾ ನುಂಗಿದ್ರೂ ಎದೆ ಉರಿ ಹೋಗದೇ ಇರೋದು, ಇದೆಲ್ಲ ಇದ್ರೆ ತೂಕ ಎಷ್ಟೇ ಇರ್ಲಿ ಎಂಡೋಸ್ಕೋಪಿ ಮುಂದೂಡಬೇಡಿ. ಸ್ಲೀವಿಂದ ರೂ-ಎನ್-ವೈ ಬೈಪಾಸ್‌ಗೆ, ಅಂದ್ರೆ ಮೇಲೆ ಹೇಳಿದ ಪೌಚ್ ಮಾಡೋ ಬೈಪಾಸ್‌ಗೆ, ಬದಲಾಯಿಸೋಕೆ ಇರೋ ಬಲವಾದ ಕಾರಣ ಇದೇ, ಆಸಿಡ್ ಮತ್ತೆ ತೂಕ ಎರಡೂ ಇರೋರಿಗೆ ಒಂದೇ ಆಪರೇಷನ್ನಲ್ಲಿ ಎರಡಕ್ಕೂ ಉಪಾಯ ಸಿಗತ್ತೆ.

ಆಸಿಡ್ ಇಲ್ಲ, ಅಂಗರಚನೆ ಸರಿ ಇದೆ, ಹಸಿವು ಮಾತ್ರ ವಾಪಸ್ ಬಂದಿದೆ ಅನ್ನೋರಿಗೆ ಈಗ ಚಾಕು ಮುಟ್ಟೋ ಮುಂಚೆ ಇಂಜೆಕ್ಷನ್ ಇದೆ. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಮೌಂಜಾರೊ ಹೆಸರಲ್ಲಿ, ಸೆಮಾಗ್ಲುಟೈಡ್ ಅದೇ ವರ್ಷ ಜೂನ್‌ನಲ್ಲಿ ವೆಗೋವಿ ಹೆಸರಲ್ಲಿ ನಮ್ಮ ದೇಶಕ್ಕೆ ಬಂದ್ವು, ವಾರಕ್ಕೊಂದು ಸಲ ಚುಚ್ಚಿಕೊಳ್ಳೋದು. ಆಪರೇಷನ್ ಆಗದ ಜನರ ಮೇಲೆ ನಡೆದ ದೊಡ್ಡ ಟ್ರಯಲ್‌ಗಳಲ್ಲಿ ಸೆಮಾಗ್ಲುಟೈಡ್ ಸುಮಾರು 15%, ಟಿರ್ಜೆಪಟೈಡ್ ಹೆಚ್ಚಿನ ಡೋಸ್‌ನಲ್ಲಿ ಸುಮಾರು 20% ಇಳಿಸಿದ್ವು. ಆಪರೇಷನ್ ಆಗಿ ಸರಿಯಾಗಿ ಇಳಿಯದೇ ಇದ್ದೋರ ಮೇಲೇ ಲಂಡನ್‌ನಲ್ಲಿ ಹಳೇ ಔಷಧಿ ಲಿರಾಗ್ಲುಟೈಡ್ ಇಟ್ಕೊಂಡು ಮಾಡಿದ ಬಾರಿ-ಆಪ್ಟಿಮೈಸ್ ಟ್ರಯಲ್ ಕೂಡ ಇದೆ, 24 ವಾರದಲ್ಲಿ ಔಷಧಿ ತಗೊಂಡೋರು 8.8% ಇಳಿದ್ರು, ಬರೀ ಡಮ್ಮಿ ಇಂಜೆಕ್ಷನ್ ತಗೊಂಡೋರು ಅರ್ಧ ಪರ್ಸೆಂಟ್. ತೊಂದರೆ ಏನಪ್ಪಾ ಅಂದ್ರೆ ನಿಲ್ಲಿಸಿದ್ರೆ ವಾಪಸ್, ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದಿದ್ದರಲ್ಲಿ ಮೂರನೇ ಎರಡು ಭಾಗ ವಾಪಸ್ ಬಂದಿದ್ದು ದಾಖಲಾಗಿದೆ. ಹಾಗಾಗಿ ತಿಂಗಳ ಖರ್ಚನ್ನ ವರ್ಷಗಳ ಲೆಕ್ಕದಲ್ಲಿ ಹಾಕಿ ನೋಡ್ಬೇಕು, ಡಾಕ್ಟರ್ ಇಲ್ಲದೇ ಆನ್‌ಲೈನಲ್ಲಿ ತರಿಸಿ ಚುಚ್ಚಿಕೊಳ್ಳೋದು ದಯವಿಟ್ಟು ಬೇಡ, ಮೊದಲೇ ಕಮ್ಮಿ ತಿನ್ನೋ ಹೊಟ್ಟೆಗೆ ವಾಂತಿ, ಪ್ರೋಟೀನ್ ಕೊರತೆ ಎರಡೂ ಸೇರಿದ್ರೆ ಬೇಗ ಸೊರಗ್ತೀರಿ. ಮುಂದೆ ಯಾವ ಆಪರೇಷನ್ ಆದ್ರೂ ಈ ಇಂಜೆಕ್ಷನ್ ತಗೊಳ್ತಿದೀನಿ ಅಂತ ಅನಸ್ತೇಷಿಯಾ ಡಾಕ್ಟರ್‌ಗೆ ಹೇಳ್ಲೇಬೇಕು, ಹೊಟ್ಟೆ ನಿಧಾನವಾಗಿ ಖಾಲಿ ಆಗೋದ್ರಿಂದ ಮಂಪರಲ್ಲಿ ಊಟ ಶ್ವಾಸಕೋಶಕ್ಕೆ ಹೋಗೋ ಅಪಾಯ ಇರತ್ತೆ.

ಇಷ್ಟೆಲ್ಲ ನೋಡಿದ್ಮೇಲೂ ಸರ್ಜರಿ ಬೇಕು ಅಂತ ಆದ್ರೆ ಸ್ಲೀವ್ ಆದೋರ ಮುಂದೆ ಮೂರು ದಾರಿ. ರೂ-ಎನ್-ವೈ ಬೈಪಾಸ್, ಆಸಿಡ್ ಇರೋರಿಗೆ ಮೊದಲ ಆಯ್ಕೆ. ಮಿನಿ ಬೈಪಾಸ್ ಅಂತ ಜನ ಕರೆಯೋದು, ಒಂದೇ ಜೋಡಣೆಯದ್ದು, 1997ರಲ್ಲಿ ಅಮೆರಿಕದ ರಟ್ಲೆಡ್ಜ್ ಅನ್ನೋ ಸರ್ಜನ್ ಶುರು ಮಾಡಿದ್ದು, ನಮ್ಮ ದೇಶದಲ್ಲಿ ತುಂಬಾ ಮಾಡ್ತಾರೆ, ಕರುಳು ಹೆಚ್ಚು ಬೈಪಾಸ್ ಆಗೋದ್ರಿಂದ ತೂಕಕ್ಕೆ ಒಳ್ಳೇದು, ಆದ್ರೆ ಕೆಲವರಿಗೆ ಪಿತ್ತರಸ ಮೇಲಕ್ಕೆ ಬರತ್ತೆ, ಆಸಿಡ್ ಇರೋರಿಗೆ ಅದನ್ನ ಹೇಳೋ ಮುಂಚೆ ಡಾಕ್ಟರ್ ಎರಡು ಸಲ ಯೋಚನೆ ಮಾಡ್ಬೇಕು. ಮೂರನೇದು ಸಾಡಿ, ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ 2007ರಲ್ಲಿ ಶುರುವಾಗಿದ್ದು, ಸ್ಲೀವ್ ಹಾಗೇ ಇಟ್ಕೊಂಡು ಅದರ ಕೆಳಗೆ ಡುವೊಡಿನಮ್, ಅಂದ್ರೆ ಸಣ್ಣ ಕರುಳಿನ ಮೊದಲ ಭಾಗ, ಕತ್ತರಿಸಿ ಸಣ್ಣ ಕರುಳಿನ ಕೊನೇ 250ರಿಂದ 300 ಸೆಂಟಿಮೀಟರ್‌ಗೆ ಜೋಡಿಸ್ತಾರೆ, ತೂಕ ಚೆನ್ನಾಗಿ ಇಳಿಯತ್ತೆ, ಜೊತೆಗೆ ಕೊಬ್ಬು, ವಿಟಮಿನ್, ಪ್ರೋಟೀನ್ ಹೀರೋದೂ ಇಳಿಯತ್ತೆ. ದಿನಾ ಪ್ರೋಟೀನ್ ಮುಟ್ಟದ, ಮಾತ್ರೆ ಮರೆಯೋ, ವರ್ಷಕ್ಕೊಂದ್ಸಲ ರಕ್ತ ಪರೀಕ್ಷೆಗೆ ಬರೋಕಾಗದ ಊರಲ್ಲಿರೋರಿಗೆ ನನ್ನ ಮಟ್ಟಿಗೆ ಇದು ಬೇಡವೇ ಬೇಡ. ಸ್ಲೀವ್ ಮೇಲೆ ಇನ್ನೊಂದು ಸ್ಲೀವ್ ಮಾಡೋದು ಉಳಿದ ಫಂಡಸ್ ಸ್ಪಷ್ಟವಾಗಿ ಹಿಗ್ಗಿರೋ ಕೆಲವೇ ಜನಕ್ಕೆ.

ಮೊದಲೇ ಬೈಪಾಸ್ ಆದೋರ ದಾರಿ ಇಕ್ಕಟ್ಟು. ಜೋಡಣೆಯ ಬಾಯಿ ದೊಡ್ಡದಾಗಿದ್ರೆ ಹೊಟ್ಟೆ ಕುಯ್ಯದೇ ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಹೊಲಿಗೆ ಹಾಕಿ ಚಿಕ್ಕದು ಮಾಡೋ ವಿಧಾನ ಇದೆ, ಟೋರ್ ಅಂತಾರೆ, ಇಳಿಯೋದು ಸಾಧಾರಣ, ಅಪಾಯಾನೂ ಕಮ್ಮಿ. ಕರುಳನ್ನ ಇನ್ನೂ ಕೆಳಗೆ ಸರಿಸಿ ಜೋಡಿಸೋದು ಇನ್ನೊಂದು, ಇಲ್ಲಿ ಒಟ್ಟು ಕರುಳಿನ ಉದ್ದ ಅಳೆಯದೇ ಕೈ ಹಾಕಿದ್ರೆ ಕಾಲು ಊದಿ, ಕೂದಲು ಉದುರಿ, ಆಲ್ಬುಮಿನ್ ಪಾತಾಳಕ್ಕೆ ಹೋಗಿ ಮತ್ತೆ ಬಿಚ್ಚಿ ವಾಪಸ್ ಜೋಡಿಸೋ ಪರಿಸ್ಥಿತಿ ಬರತ್ತೆ. ಹಳೇ ಬ್ಯಾಂಡ್ ಇರೋರಿಗೆ ಅದನ್ನ ತೆಗೆದು ಸ್ಲೀವೋ ಬೈಪಾಸೋ ಮಾಡ್ತಾರೆ, ಎಷ್ಟೋ ಕೇಸಲ್ಲಿ ತೆಗೆಯೋದು ಒಂದು ಸಲ, ಗಾಯ ಮಾಗಿದ್ಮೇಲೆ ಮುಂದಿನದು ಇನ್ನೊಂದು ಸಲ.

ಎರಡನೇ ಆಪರೇಷನ್ ಮೊದಲಿನದರ ಹಾಗಿರಲ್ಲ. ಹಳೇ ಗಾಯದ ಅಂಟುಗಳಿಂದ ಲಿವರ್, ಜಠರ ಎಲ್ಲ ಒಂದಕ್ಕೊಂದು ಅಂಟ್ಕೊಂಡಿರತ್ತೆ, ರಕ್ತ ಸರಬರಾಜು ಒಂದ್ಸಲ ಕತ್ತರಿಸಿಹೋದ ಜಾಗದಲ್ಲಿ ಮತ್ತೆ ಸ್ಟೇಪ್ಲರ್ ಹಾಕೋದು, ಹಾಗಾಗಿ ಲೀಕ್, ರಕ್ತಸ್ರಾವ, ಇನ್‌ಫೆಕ್ಷನ್ ಮೊದಲ ಸಲಕ್ಕಿಂತ ಹೆಚ್ಚು. ತೂಕ ಇಳಿಯೋದು ಮೊದಲ ಸಲಕ್ಕಿಂತ ಕಮ್ಮಿ. 118ರಿಂದ 78ಕ್ಕೆ ಬಂದ ನೆನಪು ಇಟ್ಕೊಂಡು 94ರಿಂದ ಮತ್ತೆ 60ಕ್ಕೆ ಹೋಗ್ತೀನಿ ಅಂದ್ಕೊಂಡ್ರೆ ನಿರಾಶೆ ಕಟ್ಟಿಟ್ಟ ಬುತ್ತಿ, ಶುಗರ್ ಮತ್ತೆ ಹಿಡಿತಕ್ಕೆ ಬಂದು ಎದೆ ಉರಿ ನಿಂತು ಹತ್ತು ಹದಿನೈದು ಕೆಜಿ ಇಳಿದು ಅಲ್ಲೇ ನಿಂತ್ರೆ ಅದು ಒಳ್ಳೇ ಫಲಿತಾಂಶ ಅಂತ ಮೊದಲೇ ಮನಸ್ಸು ಮಾಡ್ಕೋಬೇಕು.

ದುಡ್ಡಿನ ವಿಷಯ. ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐ ನಿಯಮದ ಪ್ರಕಾರ ಬೊಜ್ಜಿನ ಸರ್ಜರಿಗೆ ಇನ್ಶೂರೆನ್ಸ್ ಸಿಗೋಕೆ 18 ವರ್ಷ ಆಗಿರ್ಬೇಕು, ಡಾಕ್ಟರ್ ಸಲಹೆ ಇರ್ಬೇಕು, ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 40 ಇಲ್ಲಾ ಅದಕ್ಕಿಂತ ಹೆಚ್ಚು, ಅಥವಾ 35ರ ಮೇಲಿದ್ದು ಜೊತೆಗೆ ಹೃದ್ರೋಗ, ನಿದ್ದೇಲಿ ಉಸಿರು ನಿಂತು ನಿಂತು ಬರೋ ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಟೈಪ್ 2 ಶುಗರ್ ಥರದ ಕಾಯಿಲೆ ಇರ್ಬೇಕು. ನಮ್ಮ ಉದಾಹರಣೆಯ ಹೆಂಗಸಿಗೆ ಮೊದಲು ಬಿಎಂಐ 46 ಇತ್ತು, ಸಲೀಸಾಗಿ ಪಾಸಾಗಿತ್ತು, ಈಗ 94 ಕೆಜಿಗೆ 36.7, ಶುಗರ್ ಮಾತ್ರೆಲಿ ಹತೋಟಿಲಿದೆ ಅಂದ್ರೆ ಕ್ಲೇಮ್ ತಿರಸ್ಕಾರ ಆಗೋ ಸಾಧ್ಯತೆ ಸಾಕಷ್ಟಿದೆ. ಆಪರೇಷನ್‌ಗೆ ಕಾರಣ ತೀವ್ರ ರಿಫ್ಲಕ್ಸ್, ಅಂದ್ರೆ ಆಸಿಡ್ ಮೇಲಕ್ಕೆ ಬರೋದು, ಆಗಿದ್ರೆ, ಹರ್ನಿಯಾ ಇದ್ರೆ, ಆ ಕಾರಣ ಎಂಡೋಸ್ಕೋಪಿ ರಿಪೋರ್ಟ್ ಸಮೇತ ಇನ್ಶೂರೆನ್ಸ್‌ನೋರ ಮುಂಗಡ ಒಪ್ಪಿಗೆಯ ಅರ್ಜಿ, ಅಂದ್ರೆ ಪ್ರೀ-ಆಥರೈಸೇಷನ್‌ನಲ್ಲಿ ಸ್ಪಷ್ಟವಾಗಿ ಬರೆಸಿ, ಬರೀ ಬೊಜ್ಜು ಅಂತ ಬರೆದ್ರೆ ಅಲ್ಲಿಗೇ ಮುಗೀತು. ಅಡ್ಮಿಟ್ ಆಗೋ ಮುಂಚೆ ಲಿಖಿತ ಉತ್ತರ ತಗೊಳ್ಳಿ.

ಸರ್ಜನ್ ಹತ್ರ ಕೂತಾಗ ನೀವು ಕೇಳ್ಬೇಕಾದ್ದು, ರಿವಿಷನ್ ಎಷ್ಟು ಮಾಡಿದೀರಿ, ನನ್ನ ತೂಕ ಬಂದಿದ್ದಕ್ಕೆ ನಿಮ್ಮ ಪ್ರಕಾರ ಕಾರಣ ಏನು, ಈ ಆಪರೇಷನ್ ಆ ಕಾರಣವನ್ನ ಹೇಗೆ ಸರಿ ಮಾಡತ್ತೆ, ಮಾಡಿಸದೇ ಇದ್ರೆ ಏನಾಗತ್ತೆ. ಮೊದಲ ಭೇಟಿಲೇ ಎಂಡೋಸ್ಕೋಪಿನೂ ಇಲ್ಲದೇ ಡೇಟ್ ಕೊಟ್ರೆ, ಈ ವಾರ ಮಾಡಿಸಿದ್ರೆ ಡಿಸ್ಕೌಂಟ್ ಅಂತ ಕೌನ್ಸೆಲರ್ ಫೋನ್ ಮಾಡಿದ್ರೆ ಎದ್ದು ಬೇರೆಯೋರ ಅಭಿಪ್ರಾಯ ಕೇಳಿ, ತುರ್ತಿನ ಕೆಲಸ ಇದಲ್ಲ. ಡಯಟಿಷಿಯನ್ ಜೊತೆ ಕೆಲವು ತಿಂಗಳು ಊಟ ಬರೆದಿಟ್ಟು ಕೆಲಸ ಮಾಡಿ ಆಮೇಲೆ ನಿರ್ಧಾರ ಮಾಡೋಣ ಅನ್ನೋ ಡಾಕ್ಟರ್ ನಿಮ್ಮನ್ನ ಸತಾಯಿಸ್ತಿಲ್ಲ, ಆ ತಿಂಗಳುಗಳಲ್ಲಿ ಕಾರಣ ಹೊರಗೆ ಬರತ್ತೆ.

ಬೈಪಾಸ್‌ಗೆ ಬದಲಾಯಿಸ್ಕೊಂಡ್ರೆ ಆಮೇಲೆ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ. ಸಿಗರೇಟ್ ಬಿಡಲೇಬೇಕು. ಮಂಡಿ ನೋವು ಅಂತ ಮೆಡಿಕಲ್ ಶಾಪಲ್ಲಿ ಕೇಳಿ ತಗೊಳ್ಳೋ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳೂ ಬಂದ್, ಸಿಗರೇಟೂ ಈ ಮಾತ್ರೆಗಳೂ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡ್ತವೆ, ಹುಣ್ಣು ತೂತಾಗಿ ಮಧ್ಯರಾತ್ರಿ ಎಮರ್ಜೆನ್ಸಿಗೆ ಬಂದ ಕೇಸ್‌ಗಳಿವೆ, ನೋವಿಗೆ ಪ್ಯಾರಾಸಿಟಮಾಲ್ ಸಾಕು. ವರ್ಷಗಳಾದ್ಮೇಲೂ ಊಟ ಆಗಿ ಹೊಟ್ಟೆ ತಿರುಚಿದ ಹಾಗೆ ನೋವು ಬಂದು ಹೋಗಿ ಆಗ್ತಿದ್ರೆ ಗ್ಯಾಸ್ ಅಂತ ಜೀರಿಗೆ ನೀರು ಕುಡಿದು ಮಲಗಬೇಡಿ, ಒಳಗೆ ಕರುಳು ಸಂದಿಲಿ ಸಿಕ್ಕಿಹಾಕ್ಕೊಳ್ಳೋ ಹರ್ನಿಯಾ ಇರಬಹುದು, ಬೈಪಾಸ್ ಆಗಿದೆ ಅಂತ ಎಮರ್ಜೆನ್ಸಿಲಿ ಮೊದಲ ವಾಕ್ಯದಲ್ಲೇ ಹೇಳಿ. ಮಗು ಬೇಕು ಅಂತ ಇರೋರು ಆಪರೇಷನ್ ಆಗಿ 12ರಿಂದ 18 ತಿಂಗಳು ಕಾಯ್ಬೇಕು, ಅದನ್ನ ತಾರೀಖು ಹಾಕ್ಸೋ ಮುಂಚೇನೇ ಗಂಡ ಹೆಂಡತಿ ಇಬ್ರೂ ಕೂತು ಮಾತಾಡ್ಕೊಳ್ಳಿ.